ಕರೂರಿನಲ್ಲಿ ಮಾಡಿದ ಹಡಗಿನ ಕಂಪಾಸು

ನನ್ನ ವಿಸಿಟಿಂಗ್ ಕಾರ್ಡಿನ ಮೇಲೆ ಚಹಾದ ಲೋಟವನ್ನಿಟ್ಟ ಅಧಿಕಾರಿಯೊಬ್ಬರಿದ್ದರು. ಕಡಲತೀರದ ಊರೊಂದರ ಸರ್ಕಾರಿ ಕಚೇರಿ ಅದು. ಮೇಜಿನ ಈಚೆಗೆ ಎರಡು ಖಾಲಿ ಕುರ್ಚಿಗಳಿದ್ದವು, ನಾನು ನಿಂತಿದ್ದೆ. ಅವರು ಲೋಟವನ್ನೆತ್ತಿದಾಗ ನನ್ನ ಕಾರ್ಖಾನೆಯ ಹೆಸರಿನ ಸುತ್ತ ಕಂದು ಬಣ್ಣದ ಒಂದು ವೃತ್ತ ಮೂಡಿತ್ತು. ಹೊರಡುವಾಗ ಆ ಕಾರ್ಡನ್ನು ಕೇಳಿ ಹಿಂದಕ್ಕೆ ಪಡೆದುಕೊಂಡೆ. ಈಗಲೂ ಅದು ನನ್ನ ಕಡತದ ಮೊದಲ ಹಾಳೆಯಲ್ಲಿದೆ. ಇದನ್ನು ಮನೆಯವರು ಹಟವೆನ್ನುತ್ತಾರೆ, ನಾನು ದಾಖಲೆಯೆನ್ನುತ್ತೇನೆ. ಆದರೆ ತನಗಾದ ಅವಮಾನಗಳನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡವನು ತಾನೇ ಮಾಡಿದ ಒಂದನ್ನೂ ಅದೇ ಕಡತಕ್ಕೆ ಸೇರಿಸಬೇಕಾಗುತ್ತದೆ. ಅದು ಹರಿಹರದ ಹೊಳೆಯಲ್ಲಿ ನಡೆದದ್ದು. ಕ್ರಮವಾಗಿ ಹೇಳುತ್ತೇನೆ.

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದ ಹೊಸದು. ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಕಾರ್ಖಾನೆಯಿತ್ತು: ಹಿತ್ತಾಳೆ ಎರಕ ಹೊಯ್ಯುವ ಕುಲುಮೆ ಒಂದು, ಲೇಥು ಮೂರು, ಆಳು ಎಂಟು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿ, ಅವುಗಳ ಬಿಡಿಭಾಗದ ಕೆಲಸ ತಪ್ಪಿಹೋಗಿ, ಪಂಪುಸೆಟ್ಟಿನ ಬುಷ್ಷು, ವಾಲ್ವುಗಳಲ್ಲಿ ದಿನ ದೂಡುತ್ತಿದ್ದೆವು. ಆಗ ಹರಿಹರದ ಕಮಿಷನ್ ಏಜೆಂಟರೊಬ್ಬರು ಒಂದು ನಕ್ಷೆಯನ್ನು ತಂದರು. ಒಂದರೊಳಗೊಂದು ಕೂರುವ ಎರಡು ಹಿತ್ತಾಳೆ ಬಳೆಗಳು, ಒಳಬಳೆಯಲ್ಲಿ ತೂಗುವ ಒಂದು ಬಟ್ಟಲು. ಬಳೆಗಳೆರಡೂ ಸಣ್ಣ ಮೊಳೆಗಳ ಮೇಲೆ ತಿರುಗಬೇಕು. ಒಂದು ಅಡ್ಡಕ್ಕೆ ತಿರುಗಿದರೆ ಇನ್ನೊಂದು ಉದ್ದಕ್ಕೆ. ಒಂದು ಕೂದಲೆಳೆಯಷ್ಟು ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು.

ಯಾವುದಕ್ಕೆ ಎಂದು ಕೇಳಿದೆ.

“ಅದೆಲ್ಲ ಯಾಕ ಬೇಕ್ರಿ ಯಜಮಾನ್ರೆ? ದೊಡ್ಡ ಊರಿನ ಕಂಪನಿ. ಮಾಡಿ ಕೊಡ್ರಿ, ಒಯ್ತಾರೆ,” ಎಂದರು ಏಜೆಂಟರು.

ಏನು ಮಾಡುತ್ತಿದ್ದೇವೆಂದು ತಿಳಿಯದೆ ಮಾಡುವ ಕೆಲಸದಲ್ಲಿ ನನಗೆ ನಿದ್ರೆ ಬರುವುದಿಲ್ಲ. ನನ್ನಲ್ಲಿ ಎರಕದ ಮೇಸ್ತ್ರಿಯೊಬ್ಬನಿದ್ದ. ಹತ್ತಿರದ ಆನೆಕೊಂಡದವನು, ಮೂರು ತಲೆಮಾರು ಬೇಸಾಯ ಮಾಡಿದ ಮನೆತನದಲ್ಲಿ ಕುಲುಮೆಗೆ ಬಂದ ಮೊದಲಿಗ. ಅವನಿಗೂ ಅದೇ ರೋಗ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎಂಟು ಜನ ಕುಳಿತು ಆ ಬಳೆಗಳನ್ನು ತಿರುಗಿಸುತ್ತ ಊಹೆ ಹರಿಸುತ್ತಿದ್ದರು. ತೊಟ್ಟಿಲಿಗೆ ಎಂದ ಒಬ್ಬ. ದೇವರ ಮುಂದೆ ತೂಗಹಾಕುವ ದೀಪಕ್ಕೆ ಎಂದ ಇನ್ನೊಬ್ಬ. ಒಂದು ದಿನ ಮೇಸ್ತ್ರಿ ಆ ಬಟ್ಟಲಿಗೆ ಕಂಠಮಟ್ಟ ಚಹಾ ಹೊಯ್ದು, ಹೊರಬಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಶೆಡ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇಕೆಂದೇ ಹೊಯ್ದಾಡುತ್ತ ನಡೆದ. ಒಂದು ಹನಿಯೂ ಚೆಲ್ಲಲಿಲ್ಲ.

“ತಿಳೀತ್ರಿ ಯಜಮಾನ್ರೆ,” ಎಂದ. “ಇದು ಅಲ್ಲಾಡೋ ಜಾಗದಾಗೆ ಅಲ್ಲಾಡಬಾರ್ದ ಸಾಮಾನಿಗೆ ಮಾಡಿದ್ದು.”

“ಯಾವ ಜಾಗ?”

“ಅದು ತಿಳೀಲಿಲ್ಲ ನೋಡ್ರಿ. ನಮ್ಮ ಚನ್ನಗಿರಿ ಬಸ್ಸು ಇರಬಹುದು.”

ಎರಡು ವರ್ಷ ಹೀಗೆಯೇ ಮಾಡಿಕೊಟ್ಟೆವು. ಗುಟ್ಟು ಬಯಲಾದದ್ದು ಆ ಕಂಪನಿಯವರ ಅಜಾಗರೂಕತೆಯಿಂದ. ಒಮ್ಮೆ ಆರು ಬಟ್ಟಲುಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿವೆಯೆಂದು ಹಿಂದಕ್ಕೆ ಕಳುಹಿಸಿದರು. ಆರರಲ್ಲಿ ಎರಡಕ್ಕೆ ತೂತೇ ಇರಲಿಲ್ಲವೆಂಬುದನ್ನು ಇಲ್ಲಿ ನಮೂದಿಸುತ್ತೇನೆ. ಆ ಪೆಟ್ಟಿಗೆಯಲ್ಲಿ ಹುಲ್ಲಿನ ಜೊತೆ ಮುದುಡಿ ತುರುಕಿದ್ದ ಕಾಗದಗಳ ನಡುವೆ ಅವರದೇ ಒಂದು ಅಚ್ಚಿನ ಪುಸ್ತಿಕೆ ಸಿಕ್ಕಿತು. ಮುಖಪುಟದಲ್ಲಿ ನಮ್ಮ ಬಳೆ, ನಮ್ಮ ಬಟ್ಟಲು. ಬಟ್ಟಲಿನೊಳಗೆ ದ್ರವ, ದ್ರವದಲ್ಲಿ ತೇಲುವ ಅಂಕಗಳ ಬಿಲ್ಲೆ, ಮೇಲೆ ಗಾಜು. ಅದು ಹಡಗಿನ ಕಂಪಾಸು. ಅಲೆಯ ಮೇಲೆ ದೋಣಿ ಎಷ್ಟೇ ಹೊರಳಿದರೂ ಬಟ್ಟಲು ಸಮವಾಗಿ ನಿಂತು ದಿಕ್ಕನ್ನು ತೋರಬೇಕು. ಕೆಳಗೆ ದಪ್ಪಕ್ಷರದಲ್ಲಿ: ಇದನ್ನು ತಯಾರಿಸುವವರು ನಾವೊಬ್ಬರೇ, ಸರ್ಕಾರದ ಗಸ್ತು ದೋಣಿಗಳಿಗೆ ಒದಗಿಸುವವರೂ ನಾವೊಬ್ಬರೇ.

ಮೇಸ್ತ್ರಿಗೆ ಓದಿ ಹೇಳಿದೆ. ಅವನು ಆ ಚಿತ್ರವನ್ನು ಬಹಳ ಹೊತ್ತು ನೋಡಿದ.

“ಅವ್ರೊಬ್ಬರೇ ಅಂದ್ರೆ, ನಾವ್ಯಾರ್ರಿ?”

ಆ ಪ್ರಶ್ನೆಯನ್ನೇ ಸಭ್ಯ ಭಾಷೆಯಲ್ಲಿ ಬರೆದು ಗಸ್ತು ದೋಣಿಗಳ ಇಲಾಖೆಗೆ ಕಳುಹಿಸಿದೆ. ನಲವತ್ತೊಂದು ದಿನಗಳ ಮೇಲೆ ಒಂದೇ ವಾಕ್ಯದ ಪತ್ರ ಬಂತು: ಸದರಿ ಉಪಕರಣಕ್ಕೆ ಅನ್ಯ ತಯಾರಕರು ಇಲ್ಲದಿರುವುದರಿಂದ ಟೆಂಡರ್ ಕರೆಯುವ ಪ್ರಮೇಯ ಉದ್ಭವಿಸುವುದಿಲ್ಲ. ಆಗ ನನಗೆ ಅರ್ಥವಾದದ್ದು ಇಷ್ಟು. ಒಬ್ಬನೇ ತಯಾರಕನಿದ್ದಾನೆಂದು ಅಧಿಕಾರಿ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಬೇರೆ ಯಾರನ್ನೂ ದರ ಕೇಳಬೇಕಾಗಿಲ್ಲ. ಆ ಒಬ್ಬನು ಹೇಳಿದ್ದೇ ದರ. ಹಾಗೆ ಕೊಳ್ಳುವುದಕ್ಕೆ ನಿಯಮದಲ್ಲಿ ಅವಕಾಶವಿದೆ. ಕೆಲವು ವಸ್ತುಗಳಿಗೆ ಅದು ನ್ಯಾಯವೂ ಹೌದು. ಆದರೆ ‘ಅನ್ಯ ತಯಾರಕರು ಇಲ್ಲ’ ಎಂಬ ಆ ಮೂರು ಮಾತು ನಿಜವಾಗಿರಬೇಕು. ಅದನ್ನು ಅಳಿಸಬೇಕೆಂಬುದೊಂದೇ ಅಂದಿನಿಂದ ನನ್ನ ಉದ್ದೇಶವಾಯಿತು. ಆರ್ಡರು ಸಿಗುತ್ತದೋ ಬಿಡುತ್ತದೋ ಆಮೇಲಿನ ಮಾತು.

ಹೀಗೆ ಒಂದು ಜೊತೆ ಬಳೆಯನ್ನು ಚೀಲದಲ್ಲಿಟ್ಟುಕೊಂಡು, ಘಟ್ಟ ಇಳಿದು, ಚಹಾ ಲೋಟದ ಆ ಅಧಿಕಾರಿಯ ಮುಂದೆ ಹೋಗಿ ನಿಂತೆ.

“ದಾವಣಗೆರೆಯಿಂದಲೇ? ಅಲ್ಲಿಗೂ ಕಡಲಿಗೂ ಏನು ಸಂಬಂಧ? ಮಂಡಕ್ಕಿ ಕೊಳ್ಳುವುದಿದ್ದರೆ ಖಂಡಿತ ನಿಮಗೆ ಹೇಳಿ ಕಳಿಸುತ್ತೇವೆ,” ಎಂದರು. ಗುಮಾಸ್ತರು ನಕ್ಕರು. ಇಬ್ಬರು.

ಬಳೆಗಳನ್ನು ಮೇಜಿನ ಮೇಲಿಟ್ಟು ಹೇಳಿದೆ: “ನಿಮ್ಮ ದೋಣಿಯಲ್ಲಿರುವುದು ಇದೇ. ಹೊಯ್ದವನು ನನ್ನ ಮೇಸ್ತ್ರಿ. ಅವನು ಕಡಲನ್ನೇ ನೋಡಿಲ್ಲ.”

“ಬಳೆ ಮಾಡಿದವನು ಕಂಪಾಸು ಮಾಡಿದವನಾಗುತ್ತಾನೆಯೇ? ಬಳೆಗಾರ ಆಗುತ್ತಾನೆ.”

ಆ ಕೋಣೆಯ ಬಾಗಿಲ ಬಳಿ ಗಸ್ತು ದೋಣಿಯೊಂದನ್ನು ನಡೆಸುವ ವೃದ್ಧರೊಬ್ಬರು ಯಾವುದೋ ಸಹಿಗಾಗಿ ಕಾಯುತ್ತಿದ್ದರು. ದೋಣಿಯ ಮುಖ್ಯಸ್ಥರನ್ನು ಆ ಕಡೆ ತಾಂಡೇಲ ಎನ್ನುತ್ತಾರೆ. ಅವರು ಮುಂದೆ ಬಂದು ಬಳೆಯನ್ನು ಕೈಗೆತ್ತಿಕೊಂಡು ಕಿರುಬೆರಳಿನಿಂದ ತಿರುಗಿಸಿದರು. “ಇದು ನಮ್ಮದೇ ಹೌದು ಸಾರ್. ಅವರು ಒಂದು ಪೂರ್ತಿ ಮಾಡಿ ತರಲಿ. ದೋಣಿಗೆ ಕಟ್ಟಿ ನೋಡುವುದರಲ್ಲಿ ನಮ್ಮದು ಎಂಥ ಹೋಗುವುದುಂಟು?”

ಅಧಿಕಾರಿ ನನ್ನನ್ನು ಸಾಗಹಾಕುವ ಸುಲಭದ ದಾರಿ ಇದೆಂದು ತಿಳಿದಿರಬೇಕು. ಆಗಲಿ ಎಂದರು. ನಾನು ಬರವಣಿಗೆಯಲ್ಲಿ ಕೇಳಿದೆ. ಕಣ್ಣು ಕಿರಿದು ಮಾಡಿ ನೋಡಿ, ನನ್ನದೇ ಪತ್ರದ ಬೆನ್ನಿಗೆ ಬರೆದರು: ದೀಪಾವಳಿಯೊಳಗೆ ಮಾದರಿಯೊಂದನ್ನು ತಂದು ಅದು ಪರೀಕ್ಷೆಯಲ್ಲಿ ತೇರ್ಗಡೆಯಾದಲ್ಲಿ, ಏಕೈಕ ತಯಾರಕರ ಪ್ರಮಾಣಪತ್ರವನ್ನು ಪುನರ್ ಪರಿಶೀಲಿಸಲಾಗುವುದು. ಮೆಟ್ಟಿಲಿಳಿಯುವಾಗ ತಾಂಡೇಲರು ಹಿಂದಿನಿಂದ ಬಂದು, ಗಾಜು ಒಡೆದು ಮೂಲೆಗೆ ಬಿದ್ದಿದ್ದ ಹಳೆಯ ಕಂಪಾಸೊಂದನ್ನು ನೋಡಿಕೊಂಡು ಹಿಂದಿರುಗಿಸಲು ಕೊಟ್ಟರು. ಚಹಾ ಕುಡಿಸಿದವರೂ ಅವರೇ.

ಮುಂದಿನ ಮೂರು ತಿಂಗಳು ನನ್ನ ಜೀವನದ ಅತ್ಯಂತ ಸುಖದ ದಿನಗಳೆಂದು ಹೇಳಲು ಸಂಕೋಚವಿಲ್ಲ. ಪಂಪುಸೆಟ್ಟಿನ ಕೆಲಸ ಮುಗಿದ ಮೇಲೆ ನಾನೂ ಮೇಸ್ತ್ರಿಯೂ ಆ ಮುರುಕು ಕಂಪಾಸಿನ ಮುಂದೆ ಕೂರುತ್ತಿದ್ದೆವು. ಬಿಲ್ಲೆ ಒಂದು ಸೂಜಿಯ ಮೊನೆಯ ಮೇಲೆ ಕುಳಿತಿತ್ತು. ಮೊನೆಗೆ ತಾಗುವ ಜಾಗದಲ್ಲಿ ಸಾಸಿವೆಗಾತ್ರದ ಒಂದು ಕೆಂಪು ಕಲ್ಲು. ಅಂಥದು ಗಡಿಯಾರಗಳಲ್ಲಿರುತ್ತದೆ ಎಂದು ನೆನಪಾಗಿ, ಪೇಟೆಯ ಗಡಿಯಾರ ರಿಪೇರಿಯವರಲ್ಲಿ ಒಂದು ಹಳೆಯ ಜೇಬುಗಡಿಯಾರದಿಂದ ತೆಗೆಸಿದೆ. ತಳದಲ್ಲಿ ಉಳಿದಿದ್ದ ದ್ರವವನ್ನು ಮೇಸ್ತ್ರಿ ಮೂಸಿ ನೋಡಿದ. ಸ್ಪಿರಿಟ್ಟು, ನೀರು.

“ಹಡಗು ಯಾಕ ಓಲಾಡ್ತೈತೆ ಅಂತ ಈಗ ತಿಳೀತ್ರಿ,” ಎಂದ.

ಗಾಜಿನ ಕೆಳಗಿನ ರಬ್ಬರು ಮೂರು ಸಲ ಸೋರಿತು. ನಾಲ್ಕನೆಯದನ್ನು ಪ್ರೆಷರ್ ಕುಕ್ಕರಿನ ರಬ್ಬರಿನಿಂದ ಕತ್ತರಿಸಿದೆವು. ಕುಕ್ಕರು ದೇವರಾಜ ಅರಸು ಬಡಾವಣೆಯಲ್ಲಿರುವ ನನ್ನ ಮನೆಯದು, ಆ ವಿಷಯದಲ್ಲಿ ಮನೆಯವರ ಕಡತವೂ ಒಂದಿದೆ. ಬಿಲ್ಲೆಯ ಅಡಿಗೆ ನಾಲ್ಕು ಅಯಸ್ಕಾಂತದ ಕಡ್ಡಿಗಳು ಬೇಕಾಗಿದ್ದವು. ಶಾಲೆಗಳಿಗೆ ಪ್ರಯೋಗದ ಸಾಮಾನು ಮಾರುವ ಅಂಗಡಿಯಿಂದ ತಂದು, ಬಿಲ್ಲೆಯ ನಡುಗೆರೆಗೆ ಸಮಾನಾಂತರವಾಗಿ ಜೋಡಿಸಿದೆವು. ಉಳಿದದ್ದು ಒಂದೇ: ಬಿಲ್ಲೆ ತೋರುವ ಉತ್ತರ ದಿಕ್ಕು ನಿಜವಾಗಿಯೂ ಉತ್ತರ ದಿಕ್ಕೇ ಎಂದು ತಾಳೆ ನೋಡುವುದು.

ಕಬ್ಬಿಣ ಹತ್ತಿರವಿದ್ದರೆ ಕಂಪಾಸು ದಾರಿ ತಪ್ಪುತ್ತದೆಂದು ಆ ಪುಸ್ತಿಕೆಯಲ್ಲಿ ಓದಿದ್ದೆ. ಆದ್ದರಿಂದ ಭಾನುವಾರ, ಯಂತ್ರಗಳೆಲ್ಲ ನಿಂತ ಮೇಲೆ, ಅಂಗಳದ ತುದಿಯಲ್ಲಿ ಮರದ ಮೇಜಿಟ್ಟೆ. ಸೈಕಲ್ಲುಗಳನ್ನು ರಸ್ತೆಗೆ ಕಳುಹಿಸಿದೆ. ಮೇಸ್ತ್ರಿಯ ಸೊಂಟದ ಬೀಗದ ಕೈಗಳನ್ನೂ ಬಿಚ್ಚಿಸಿದೆ. ಆಮೇಲೆ ಶೆಡ್ಡಿನ ಪೂರ್ವದ ಗೋಡೆಗೆ ಸಮನಾಗಿ ಒಂದು ದಾರವನ್ನು ಬಿಗಿದೆ. ನಮ್ಮ ಪಾಲಿಗೆ ಉತ್ತರ, ದಕ್ಷಿಣ ಎಂದರೆ ಆ ಗೋಡೆ.

ಇಲ್ಲಿ ಆ ಗೋಡೆಯ ವಿಷಯ ಹೇಳಬೇಕು. ಕಾರ್ಖಾನೆ ಕಟ್ಟುವಾಗ ವಾಸ್ತು ನೋಡುವವರೊಬ್ಬರನ್ನು ಕರೆಸಿದ್ದೆ. ನಿವೇಶನ ರಸ್ತೆಗೆ ನೇರವಾಗಿದೆ, ಆದರೆ ರಸ್ತೆಯೇ ದಿಕ್ಕಿಗೆ ಓರೆಯಾಗಿದೆ ಎಂದರು. ಯುಗಾದಿಯಾದ ಮರುವಾರ, ಒಳ್ಳೆಯ ಮುಹೂರ್ತ ನೋಡಿ, ಬೆಳಗ್ಗೆ ಸೂರ್ಯ ಹುಟ್ಟುವ ಕಡೆಗೆ ದಾರ ಹಿಡಿದು ಶುದ್ಧ ಪೂರ್ವವನ್ನು ಗುರುತಿಸಿಕೊಟ್ಟರು. ಅದರಂತೆ ಕಟ್ಟಿದ್ದರಿಂದ ಶೆಡ್ಡು ರಸ್ತೆಗೆ ಸೊಟ್ಟಗಾಗಿ ನಿಂತಿತು; ಮುಂದುಗಡೆ ಒಂದು ತ್ರಿಕೋನದಷ್ಟು ಜಾಗ ಯಾವುದಕ್ಕೂ ಬಾರದೆ ಹೋಯಿತು. ಪಕ್ಕದ ಕಾರ್ಖಾನೆಯವರು ವರ್ಷಗಟ್ಟಲೆ “ಏನ್ರಿ, ನಿಮ್ಮ ಶೆಡ್ಡು ಮುನಿಸ್ಕೊಂಡು ಕೂತೈತೇನು?” ಎಂದು ಕೇಳಿದರು. ಎಷ್ಟು ಸಲ ಎಂಬ ಎಣಿಕೆಯೂ ನನ್ನಲ್ಲಿತ್ತು. ಅಷ್ಟೆಲ್ಲ ಕೇಳಿಸಿಕೊಂಡು ಉಳಿಸಿಕೊಂಡ ಗೋಡೆ ಅದು.

ಬಿಲ್ಲೆ ತೇಲಿ, ಅಲುಗಾಡಿ, ನಿಂತಿತು. ದಾರಕ್ಕೆ ಹೊಂದಲಿಲ್ಲ. ಆರು ಡಿಗ್ರಿಯಷ್ಟು ಬಲಕ್ಕೆ ಸರಿದು ನಿಂತಿತ್ತು. ತಿರುಗಿಸಿ ಬಿಟ್ಟೆವು, ಅಲ್ಲಿಗೇ ಬಂದು ನಿಂತಿತು. ಹತ್ತು ಸಲವೂ ಅಷ್ಟೇ.

“ಅಂಗಡಿಯ ಅಯಸ್ಕಾಂತ. ಮಕ್ಕಳಾಟದ ಸಾಮಾನು. ಸೊಟ್ಟ ಇದೆ,” ಎಂದೆ.

ಮೇಸ್ತ್ರಿ ತಲೆ ಕೆರೆದುಕೊಂಡ. “ನಾಲ್ಕೂ ಒಂದೇ ನಮೂನೆ ಸೊಟ್ಟ ಇರ್ತಾವೇನ್ರಿ? ಅಯಸ್ಕಾಂತ ಸುಳ್ಳು ಹೇಳ್ತೈತಾ?”

“ಮತ್ತೆ ಗೋಡೆ ಹೇಳುತ್ತದೆಯೇನಯ್ಯ?”

ಅವನು ತಿರುಪುಳಿ ತಂದ. ಬಿಲ್ಲೆಯನ್ನು ಬಿಚ್ಚಿ, ಅಯಸ್ಕಾಂತಗಳಿಂದ ಆರು ಡಿಗ್ರಿ ತಿರುಗಿಸಿ, ದಾರಕ್ಕೆ ಸರಿಯಾಗಿ ಹೊಂದುವಂತೆ ಅಂಟಿಸಿ, ಮುಚ್ಚಿದೆವು.

ನೀರಿನ ಮೇಲೆ ನೋಡದೆ ಒಯ್ಯುವುದು ಸರಿಯಲ್ಲವೆಂದು, ಮರುವಾರ ಹರಿಹರಕ್ಕೆ ಹೋದೆವು. ತುಂಗಭದ್ರೆಯಲ್ಲಿ ಮೀನಿಗೆ ಬಲೆ ಬಿಡುವ, ಕೇಳಿದರೆ ಜನರನ್ನೂ ಹೊಳೆ ದಾಟಿಸುವ ಅಂಬಿಗನೊಬ್ಬನ ಹರಿಗೋಲಿನಲ್ಲಿ ಕುಳಿತೆವು. ಬಿದಿರು, ಡಾಂಬರು ಬಳಿದ ತಾಡಪಾಲು. ಕಬ್ಬಿಣದ ಒಂದು ಮೊಳೆಯೂ ಇಲ್ಲ. ಕಂಪಾಸಿಗೆ ಇದಕ್ಕಿಂತ ಶುದ್ಧ ವಾಹನ ಸಿಗದು. ನಡುಹೊಳೆಯಲ್ಲಿ ಅಂಬಿಗ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದ. ಸೇತುವೆ, ಸೋಪಾನ, ಮರಗಳು ಎಲ್ಲವೂ ನಮ್ಮ ಸುತ್ತ ಹರಿದುಹೋದವು. ಮಡಿಲಿನಲ್ಲಿದ್ದ ಬಿಲ್ಲೆ ಮಾತ್ರ ಕದಲಲಿಲ್ಲ. ತಿರುಗುತ್ತಿರುವುದು ನಾವೋ ಲೋಕವೋ ಎಂಬ ಅನುಮಾನಕ್ಕೆ ಅದೊಂದೇ ಸಾಕ್ಷಿ. ಮೇಸ್ತ್ರಿ ಎರಡೂ ಕೈಯಿಂದ ಹರಿಗೋಲಿನ ಅಂಚು ಹಿಡಿದು, ಕಣ್ಣು ಮುಚ್ಚಿ, “ನೀವೇ ನೋಡ್ರಿ ಯಜಮಾನ್ರೆ, ನಿಂತೈತಾ? ನಿಂತೈತಾ?” ಎಂದು ಕೂಗುತ್ತಿದ್ದ.

ದಡಕ್ಕೆ ಬಂದು, ಅಂಬಿಗ ತನ್ನ ಬಲೆ ಕಟ್ಟುವ ಕಲ್ಲಿನ ಮೇಲೆ ಕುಳಿತು ಬೀಡಿ ಹಚ್ಚಿ, ಕಂಪಾಸನ್ನು ಬಗ್ಗಿ ನೋಡಿದ.

“ಇದು ಏನು ತೋರಸ್ತೈತ್ರಿ ಸಾವ್ಕಾರ್ರೆ?”

“ಉತ್ತರ ದಿಕ್ಕು.”

“ಹಂಗಾರ ಇನ್ನಷ್ಟು ಬಲಕ್ಕ ತೋರಸ್ಬೇಕಲ್ರಿ. ಬಲೆ ಕಾಯೋವಾಗ ಈ ಕಲ್ಲಿನ ಮ್ಯಾಲೆ ಕುಂತ್ರೆ, ಧ್ರುವ ನಕ್ಷತ್ರ ಅಗೋ, ಆ ಪಂಪ್‌ಹೌಸಿನ ನೆತ್ತಿ ಮ್ಯಾಲೆ ನಿಂತಿರ್ತೈತೆ. ಇದು ಅದ್ರ ಎಡಕ್ಕಿನ ಮರ ತೋರಸ್ತೈತೆ ನೋಡ್ರಿ.”

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. “ಮೀನು ಹಿಡಿಯುವವನು ಮೀನು ಹಿಡಿ. ಯಂತ್ರದ ವಿಷಯ ನಿನಗೇಕೆ?”

ಅವನು ಬೀಡಿಯನ್ನು ಒಮ್ಮೆ ಎಳೆದು, “ತಪ್ಪಾತ್ರಿ,” ಎಂದು ಎದ್ದು ಹೋದ. ಮಂಡಕ್ಕಿ ಮಾರುವವನಿಗೆ ಕಡಲೇಕೆ ಎಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದ್ದ ದಿನಗಳವು. ಅದೇ ಮಾತನ್ನು, ಪದ ಬದಲಿಸಿ, ನಾನು ಹೇಳಿದೆನೆಂದು ಅಂದು ಹೊಳೆಯಲೇ ಇಲ್ಲ.

ದೀಪಾವಳಿಗೆ ಹತ್ತು ದಿನ ಮೊದಲು ಮಾದರಿಯನ್ನು ಒಯ್ದೆ. ತಾಂಡೇಲರು ಅದನ್ನು ಮರದ ದೋಣಿಯೊಂದಕ್ಕೆ ಕಟ್ಟಿ, ತೀರದ ಗುರುತುಗಳಿಗೆ ತಾಳೆ ನೋಡುತ್ತ, ಎಂಟೂ ದಿಕ್ಕಿಗೆ ದೋಣಿ ತಿರುಗಿಸಿದರು. ಒಂದೊಂದಕ್ಕೂ ಒಂದು ಅಂಕಿ ಬರೆದರು. ನನಗೆ ವಾಂತಿ ಬರುತ್ತಿದ್ದುದರಿಂದ ಅಂಕಿಗಳನ್ನು ನೋಡಲಾಗಲಿಲ್ಲ. ಇಳಿದ ಮೇಲೆ ಅವರು ಹಾಳೆಯನ್ನು ತೋರಿಸಿ, ಗದ್ದವನ್ನುಜ್ಜಿಕೊಂಡರು.

“ಇದೊಂದು ವಿಚಿತ್ರ ಮಾರಾಯ್ರೇ. ತಪ್ಪಿದ್ದರೆ ಒಂದು ದಿಕ್ಕಿಗೆ ಒಂದಷ್ಟು, ಇನ್ನೊಂದಕ್ಕೆ ಇನ್ನಷ್ಟು ತಪ್ಪಬೇಕು. ನಿಮ್ಮದು ಎಂಟು ದಿಕ್ಕಿಗೂ ಆರೇ ಡಿಗ್ರಿ. ಇದು ಕಂಪಾಸಿನ ತಪ್ಪು ಅಲ್ಲ, ಬಿಲ್ಲೆ ಅಂಟಿಸಿದವರ ತಪ್ಪು. ನೀವು ಉತ್ತರ ದಿಕ್ಕನ್ನು ಎಲ್ಲಿಂದ ತೆಗೊಂಡಿರಿ?”

“ನನ್ನ ಶೆಡ್ಡಿನ ಗೋಡೆಯಿಂದ.”

ಅವರು ನಗಲಿಲ್ಲ. ಬಹಳ ಕಷ್ಟಪಟ್ಟು ನಗಲಿಲ್ಲ. “ಹಾಗಾದರೆ ಕಂಪಾಸು ಸರಿ ಉಂಟು. ಶೆಡ್ಡನ್ನು ಒಮ್ಮೆ ನೋಡಿಸಿ,” ಎಂದರು.

ಗಾಜಿನ ತಿರುಪು ಬಿಚ್ಚಿ ಬಿಲ್ಲೆಯನ್ನು ಸರಿಸಿ ಅಂಟಿಸಲು ಅರ್ಧ ಗಂಟೆ ಕೊಡಿ ಎಂದು ಅಧಿಕಾರಿಯನ್ನು ಕೇಳಿದೆ. ಮಾದರಿಯನ್ನು ಒಪ್ಪಿಸಿದ ಮೇಲೆ ಮುಟ್ಟುವಂತಿಲ್ಲ ಎಂದರು. ಅನುತ್ತೀರ್ಣ ಎಂದು ಬರೆದರು. ಆದರೆ ಪರೀಕ್ಷೆಯ ಹಾಳೆಯ ಕೆಳಗೆ ತಾಂಡೇಲರು ತಮ್ಮ ಕೈಬರಹದಲ್ಲಿ ಒಂದು ಸಾಲನ್ನು ಆಗಲೇ ಸೇರಿಸಿದ್ದರು: ದೋಷವು ಎಲ್ಲ ದಿಕ್ಕುಗಳಲ್ಲಿ ಸಮನಾಗಿದ್ದು, ತಯಾರಕರು ಸರಿಪಡಿಸಬಹುದಾಗಿದೆ. ಆ ಹಾಳೆಯ ನಕಲನ್ನು ಪಡೆಯದೆ ನಾನು ಅಲ್ಲಿಂದ ಕದಲಲಿಲ್ಲ. ಆ ವರ್ಷದ ಖರೀದಿ ಮತ್ತೆ ಟೆಂಡರಿಲ್ಲದೆ ಅದೇ ಕಂಪನಿಗೆ ಹೋಯಿತು.

ಊರಿಗೆ ಬಂದವನು ಮೇಸ್ತ್ರಿಗೆ ಎಲ್ಲವನ್ನೂ ಹೇಳಿ, “ಸೂರ್ಯ ಹುಟ್ಟುವುದು ಪೂರ್ವದಲ್ಲಿ. ಆ ದಾರ ಹೇಗೆ ತಪ್ಪೀತು?” ಎಂದು ಕೇಳಿದೆ.

ಅವನು ಗಟ್ಟಿಯಾಗಿ ನಕ್ಕುಬಿಟ್ಟ. “ಅಯ್ಯೋ ಯಜಮಾನ್ರೆ, ಸೂರ್ಯ ದಿನಾ ಒಂದೇ ಬಾಗಲಾಗೆ ಬರ್ತಾನೇನ್ರಿ? ನಮ್ಮ ಹೊಲದಾಗೆ ನಿಂತು ನೋಡ್ರಿ. ಸಂಕ್ರಾಂತಿಗೆ ಬಾವಿ ಕಡೆ ಹುಟ್ತಾನೆ, ಕಾರಹುಣ್ಣಿಮೆ ಹೊತ್ತಿಗೆ ಹುಣಸಿಮರದ ಕಡೆ. ಯುಗಾದಿ ಆದ ಮ್ಯಾಲೆ ದಾರ ಹಿಡಿದ್ರೆ ಒಂದೀಟು ಎಡಕ್ಕ ಜರುಗೇ ಇರ್ತಾನೆ.”

“ಇದನ್ನು ಮೊದಲೇ ಹೇಳಬಾರದಾಗಿತ್ತೇ?”

“ವಾಸ್ತು ಹಿಡಿದಾಗ ನಾ ಎಲ್ಲಿದ್ನಿ? ಮತ್ತ ಮೊನ್ನೆ, ಗ್ವಾಡೆ ಸುಳ್ಳು ಹೇಳ್ತೈತಾ ಅಂದ್ರಿ. ನಾ ಏನನ್ಲಿ?”

ಅದರ ಮೇಲೂ ನನಗೆ ಕಣ್ಣಾರೆ ಕಾಣಬೇಕಿತ್ತು. ಅಂಗಳದಲ್ಲಿ ನೆಲ ಸಮ ಮಾಡಿ, ಒಂದು ಗೂಟ ನೆಟ್ಟು, ಅದರ ಸುತ್ತ ವೃತ್ತ ಎಳೆದೆ. ಬೆಳಗ್ಗೆ ಗೂಟದ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿ ಎಳೆದ ಗೆರೆಯೇ ಪೂರ್ವ ಪಶ್ಚಿಮ. ಅದಕ್ಕೆ ನನ್ನ ಶೆಡ್ಡು ಆರು ಡಿಗ್ರಿ ಓರೆಯಾಗಿತ್ತು. ರಸ್ತೆ ಬಹುಮಟ್ಟಿಗೆ ನೇರವಾಗಿತ್ತು. ಪಕ್ಕದ ಕಾರ್ಖಾನೆಯವರು ಕಾಂಪೌಂಡಿನ ಮೇಲಿಂದ “ಏನ್ರಿ ಅದು ಗೂಟ?” ಎಂದು ಕೇಳಿದರು. ಎಮ್ಮೆಗೆ ಎಂದೆ.

ವಾಸ್ತುವಿನವರು ಮುಂದೊಮ್ಮೆ ಸಿಕ್ಕಾಗ ಸರಿಪಡಿಸಿದ ಕಂಪಾಸನ್ನು ಅವರ ಮುಂದಿಟ್ಟೆ. ಅವರು ನಿಶ್ಚಿಂತೆಯಿಂದ, “ಇದು ಸಮುದ್ರದ್ದಲ್ರಿ? ಭೂಮಿಗೆ ಬ್ಯಾರೆ ಲೆಕ್ಕ,” ಎಂದರು. ಅಂಥ ಆತ್ಮವಿಶ್ವಾಸದ ಮುಂದೆ ನನ್ನ ಸಿಟ್ಟು ಕೂಡ ಬೆರಗಾಗಿ ನಿಂತಿತು.

ಹೊಳೆಗೆ ಒಬ್ಬನೇ ಹೋದೆ. ಅಂಬಿಗ ಬಲೆ ಬಿಡಿಸುತ್ತಿದ್ದ. ಕಂಪಾಸನ್ನು ಅದೇ ಕಲ್ಲಿನ ಮೇಲಿಟ್ಟೆ. ಬಿಲ್ಲೆ ತೇಲಿ, ಸರಿದು, ಪಂಪ್‌ಹೌಸಿಗೆ ನೇರವಾಗಿ ನಿಂತಿತು.

“ಅಂದು ನೀನು ಹೇಳಿದ್ದು ಸರಿ. ನಾನು ಆಡಿದ ಮಾತು ಸರಿಯಲ್ಲ.”

ಅವನು ತಲೆಯೆತ್ತಲಿಲ್ಲ. “ನಂಗೇನು ಹೇಳ್ತೀರಿ ಬಿಡ್ರಿ. ನಕ್ಷತ್ರಕ್ಕ ಹೇಳ್ರಿ, ಅದಕ್ಕೇ ನೀವು ಸುಳ್ಳು ಅಂದಿದ್ದು.” ಬಲೆಯ ಇನ್ನೊಂದು ಗಂಟು ಬಿಡಿಸಿ, ಪಕ್ಕಕ್ಕೆ ಸರಿದು, “ಕೂಡ್ರಿ,” ಎಂದ. ಕಡಲತೀರದ ಕಚೇರಿಯ ಎರಡು ಖಾಲಿ ಕುರ್ಚಿಗಳು ನೆನಪಾದವು. ಕುಳಿತೆ.

ಇಷ್ಟರಲ್ಲಿ ಹರಿಹರದ ಏಜೆಂಟರು ಬಂದು, ದೊಡ್ಡ ಊರಿನ ಕಂಪನಿಗೆ ನಮ್ಮ ಬಳೆಗಳು ಇನ್ನು ಬೇಡವಂತೆ ಎಂದು ತಿಳಿಸಿದರು. ನಾನು ಎಲ್ಲಿಗೆ ಹೋಗಿದ್ದೆನೆಂಬುದು ಅವರಿಗೆ ತಲುಪಿತ್ತು. ಕೈಲಿದ್ದ ಒಂದು ಒಳ್ಳೆಯ ಕೆಲಸ ಹೋಯಿತು. ಆ ವಾರ ಲೇಥೊಂದು ನಿಂತಿತು. ಮೇಸ್ತ್ರಿಯನ್ನು ಕೂರಿಸಿಕೊಂಡು, ಇಲ್ಲಿಗೆ ಬಿಟ್ಟುಬಿಡೋಣವೇ ಎಂದು ಕೇಳಿದೆ.

“ಬಿಟ್ರೆ ಬಳೆ ಕೆಲಸ ತಿರುಗಿ ಬರ್ತೈತಾ?”

“ಇಲ್ಲ.”

“ಮತ್ಯಾಕ ಬಿಡಬೇಕ್ರಿ?”

ಪರೀಕ್ಷೆಯ ಹಾಳೆಯ ಆ ಕೊನೆಯ ಸಾಲಿನ ನಕಲನ್ನು ಲಗತ್ತಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಏಳು ಪತ್ರ ಬರೆದೆ. ಒಂದೊಂದರ ಸ್ವೀಕೃತಿ ಕಾರ್ಡೂ ಇದೆ. ಐದನೆಯದನ್ನು ಅಧಿಕಾರಿಯ ಮೇಲಿನವರಿಗೆ ಬರೆದೆ. ಏಳನೆಯದಕ್ಕೆ ಮರುಪರೀಕ್ಷೆಯ ದಿನ ತಿಳಿಸಿದರು. ಈ ಸಲ ನಾನು ಹೊಟ್ಟೆಗೆ ಏನೂ ಹಾಕಿಕೊಳ್ಳದೆ ದೋಣಿ ಹತ್ತಿದೆ. ತಾಂಡೇಲರು ಎಂಟೂ ದಿಕ್ಕಿಗೆ ದೋಣಿ ತಿರುಗಿಸಿ ಅಂಕಿ ಬರೆದರು. ಎಲ್ಲಿಯೂ ಒಂದು ಡಿಗ್ರಿಯನ್ನು ದಾಟಿರಲಿಲ್ಲ. “ಶೆಡ್ಡನ್ನು ಒಡೆದಿರೋ?” ಎಂದು ಮಾತ್ರ ಕೇಳಿದರು.

ಮರುವರ್ಷ, ದೀಪಾವಳಿಗೂ ಮೊದಲು, ಕಂದು ಬಣ್ಣದ ಲಕೋಟೆಯೊಂದು ಕರೂರಿಗೆ ಬಂತು. ಗಸ್ತು ದೋಣಿಗಳಿಗೆ ಕಂಪಾಸು ಒದಗಿಸಲು ಮೊಹರು ಮಾಡಿದ ಟೆಂಡರುಗಳನ್ನು ಕರೆಯಲಾಗಿದೆ. ಮೇಸ್ತ್ರಿ ಅದನ್ನು ಓದಿಸಿಕೊಂಡು, ಇನ್ನೊಮ್ಮೆ ಓದಿಸಿಕೊಂಡ.

ಟೆಂಡರು ತೆರೆಯುವ ದಿನ ಅದೇ ಕೋಣೆ, ಅದೇ ಮೇಜು. ಅಧಿಕಾರಿ ಕುರ್ಚಿ ತೋರಿಸಿದರು. ಮೇಜಿನ ಮೇಲೆ ಎರಡು ಲಕೋಟೆಗಳಿದ್ದವು. ಗುಮಾಸ್ತರು, ನಕ್ಕಿದ್ದ ಇಬ್ಬರಲ್ಲಿ ಒಬ್ಬರು, ಮೊದಲು ದೊಡ್ಡ ಊರಿನ ಕಂಪನಿಯದನ್ನು ಒಡೆದು ಓದಿದರು. ಆಮೇಲೆ ನಮ್ಮದು: ಹೆಸರು, ಕರೂರು ಕೈಗಾರಿಕಾ ಪ್ರದೇಶ, ದಾವಣಗೆರೆ, ದರ. ಅವರ ದರ ನಮ್ಮದಕ್ಕಿಂತ ಸ್ವಲ್ಪ ಕಡಿಮೆ ಇತ್ತು.

“ನೋಡಿದಿರಾ? ಇಷ್ಟೆಲ್ಲ ಓಡಾಡಿದ್ದು ವ್ಯರ್ಥವಾಯಿತು,” ಎಂದರು ಅಧಿಕಾರಿ.

“ಇವರೇ ಹೋದ ವರ್ಷ ಕೊಟ್ಟ ದರವನ್ನು ಒಮ್ಮೆ ಓದಿಸಿ,” ಎಂದೆ.

ಯಾರೂ ಓದಲಿಲ್ಲ. ಬೇಕಾಗಿಯೂ ಇರಲಿಲ್ಲ, ಹಳೆಯ ಕಡತ ಮೇಜಿನ ಮೇಲೆಯೇ ತೆರೆದಿತ್ತು, ನನ್ನ ಕಣ್ಣು ಆಗ ಚೆನ್ನಾಗಿತ್ತು. ಈ ಸಲ ಅವರ ದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ದರಗಳನ್ನು ಹೋಲಿಸಿ ಬರೆದ ತಃಖ್ತೆಯ ಪ್ರತಿಯೊಂದನ್ನು ಕೊಡಬೇಕೆಂದು ಕೇಳಿದೆ. ಊಟವಾದ ಮೇಲೆ ಬನ್ನಿ ಎಂದರು. ಹೊರಗಿನ ಬೆಂಚಿನ ಮೇಲೆ ಸಂಜೆಯವರೆಗೆ ಕುಳಿತು ಪಡೆದೆ.

ಮರುದಿನ ಬೆಳಗ್ಗೆ ಬಸ್ಸಿನಿಂದ ಹರಿಹರದಲ್ಲಿಯೇ ಇಳಿದೆ. ಅಂಬಿಗ ಕಲ್ಲಿನ ಮೇಲಿದ್ದ. ಅವನಿಗೆ ಓದು ಬಾರದು. ಆದರೂ ಕಾಗದವನ್ನು ಬಿಡಿಸಿ ಮುಂದೆ ಹಿಡಿದೆ.

“ಇದ್ರಾಗೆ ನಮ್ದು ಯಾವ್ದ್ರಿ?”

“ಕೆಳಗಿನ ಸಾಲು.”

“ಕೆಲಸ ನಮಗಾತಾ?”

“ಇಲ್ಲ. ಮೇಲಿನವರಿಗೇ ಹೋಯಿತು.”

“ಹಂಗಾರ ಸೋತ್ರಲ್ರಿ ಸಾವ್ಕಾರ್ರೆ. ಮತ್ತ ಇದನ್ಯಾಕ ಇಷ್ಟು ಜ್ವಾಪಾನ ಮಡಿಚಿಟ್ಕೊಂಡೀರಿ?”

“ಹೋದ ವರ್ಷದ ಕಾಗದದಲ್ಲಿ ಒಂದೇ ಸಾಲಿತ್ತು,” ಎಂದೆ.

ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಕಾಗದ ಕೊಳೆಯಾಗದಂತೆ ದೂರದಿಂದಲೇ ಬೆರಳು ತೋರಿಸಿ ಎಣಿಸಿದ. ಒಂದು. ಎರಡು.